ಸಾಲ ತೀರಿದ ಮನೆಯನ್ನು ಒತ್ತೆಯಿಟ್ಟು ಬಾಡಿಗೆಗೊಂದು ಮನೆ: ಮುಂಬಯಿಯವರಿಗೆ ಯಾವ ದಾರಿ ಸರಿ?

ಮನೆ ಸಾಲ ತೀರಿ, ಒರಿಜಿನಲ್ ಅಗ್ರಿಮೆಂಟು ಬ್ಯಾಂಕಿನಿಂದ ವಾಪಸು ಬಂದು ಕಪಾಟು ಸೇರಿದ ಮೇಲೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದು ಮಾತು ಶುರುವಾಗುತ್ತದೆ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಅಂದು ಕಷ್ಟಪಟ್ಟು ಕೊಂಡ ಮನೆಗೆ ಇಂದು ಹಲವು ಪಟ್ಟು ಬೆಲೆ. ಅಷ್ಟು ಹಣ ಗೋಡೆಯೊಳಗೆ ಸುಮ್ಮನೆ ಕೂತಿದೆ. ಅದರ ಮೇಲೆ ಸಾಲ ತೆಗೆದು ಇನ್ನೊಂದು ಚಿಕ್ಕ ಮನೆ ಕೊಂಡರೆ ಬಾಡಿಗೆಯೇ ಕಂತು ಕಟ್ಟಿಕೊಂಡು ಹೋಗುತ್ತದಲ್ಲ? ಅದೇ ಹೊತ್ತಿಗೆ ಸರಿಯಾಗಿ ಬ್ಯಾಂಕಿನಿಂದಲೂ ಫೋನ್ ಬಂದಿರುತ್ತದೆ: ‘ಸರ್, ನಿಮ್ಮ ಪ್ರಾಪರ್ಟಿ ಮೇಲೆ ಇಷ್ಟು ಲಕ್ಷ ಸಿಗುತ್ತದೆ.’

ಬಾಡಿಗೆ ಕಂತು ಕಟ್ಟುವುದಿಲ್ಲ. ಮುಂಬಯಿ ಮತ್ತು ಸುತ್ತಮುತ್ತ ವಾಸದ ಮನೆಗೆ ವರ್ಷಕ್ಕೆ ಬರುವ ಬಾಡಿಗೆ ಅದರ ಬೆಲೆಯ ಶೇ. 3ರ ಆಸುಪಾಸು. ಸಾಲದ ಬಡ್ಡಿ ಶೇ. 8ರಿಂದ 10, ಕೆಲವು ಕಡೆ ಇನ್ನೂ ಮೇಲೆ. ಈ ಅಂತರವನ್ನು ತಿಂಗಳು ತಿಂಗಳೂ ನೀವು ಸಂಬಳದಿಂದ, ಪೆನ್ಷನ್‌ನಿಂದ ಅಥವಾ ಹೋಟೆಲಿನ ಗಲ್ಲಾದಿಂದ ತುಂಬಬೇಕು. ಹಾಗಂತ ಎರಡನೆಯ ಮನೆ ಕೊಳ್ಳುವುದೇ ತಪ್ಪು ಎನ್ನುತ್ತಿಲ್ಲ. ಕೊಳ್ಳುವ ದಾರಿ ನಾಲ್ಕಾರು ಇವೆ, ಅವುಗಳ ಅಪಾಯ ಒಂದೇ ಸಮ ಅಲ್ಲ. ಹೆಚ್ಚಿನವರು ಬಡ್ಡಿ ದರವೊಂದನ್ನೇ ಹೋಲಿಸುತ್ತಾರೆ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಕಂತು ತಪ್ಪಿದರೆ ಹೋಗುವುದು ಯಾವ ಮನೆ? ಬಾಡಿಗೆಗೆ ಕೊಟ್ಟದ್ದೋ, ನೀವು ಮಲಗಿ ಏಳುವುದೋ?

ಮೊದಲು ಲೆಕ್ಕ

ಉದಾಹರಣೆಗೆ ಒಂದು ಕುಟುಂಬ. ಡೊಂಬಿವಲಿ ಪೂರ್ವದಲ್ಲಿ ಸಾಲವಿಲ್ಲದ ಸ್ವಂತ ಮನೆ, ಇಂದಿನ ಬೆಲೆ 90 ಲಕ್ಷ ಎಂದಿಟ್ಟುಕೊಳ್ಳಿ. ಬಾಡಿಗೆಗೆಂದು 60 ಲಕ್ಷದ ಒಂದು-ಬಿಎಚ್‌ಕೆ ನೋಡಿದ್ದಾರೆ. ಕಲ್ಯಾಣ–ಡೊಂಬಿವಲಿ ಪಾಲಿಕೆಯ ವ್ಯಾಪ್ತಿಯಲ್ಲಿ ಸ್ಟ್ಯಾಂಪ್ ಡ್ಯೂಟಿ ಶೇ. 7, ಅಂದರೆ 4.2 ಲಕ್ಷ. ಮುಂಬಯಿ ಮಹಾನಗರ ಪಾಲಿಕೆಯೊಳಗಾದರೆ ಶೇ. 6. ಹೆಂಗಸರ ಹೆಸರಿನಲ್ಲೇ ಕೊಂಡರೆ ಮಹಾರಾಷ್ಟ್ರದಲ್ಲಿ ಶೇ. 1 ಕಡಿಮೆ; ಇದನ್ನು ಮರೆಯುವವರು ಬಹಳ. ನೋಂದಣಿ ಶುಲ್ಕ 30,000. ಬ್ರೋಕರ್‌ಗೆ ಶೇ. 1 ಹಿಡಿದರೆ 60,000. ಬಣ್ಣ, ಫ್ಯಾನು, ಗೀಸರು, ಕಿಟಕಿಯ ಗ್ರಿಲ್ಲು, ಬಾತ್‌ರೂಮಿನ ಲೀಕೇಜು ಎಂದು ಒಂದೂವರೆ ಲಕ್ಷ. ಒಟ್ಟು 66.6 ಲಕ್ಷ ಆಯಿತು.

ಈ ಮನೆಗೆ 16,000 ಬಾಡಿಗೆ ಬರುತ್ತದೆನ್ನಿ. ಬಾಡಿಗೆದಾರ ಬದಲಾಗುವಾಗ ಒಂದು ತಿಂಗಳು ಖಾಲಿ, ಹಾಗಾಗಿ ವರ್ಷಕ್ಕೆ 1,76,000. ಸೊಸೈಟಿಯ ಮೇಂಟೆನೆನ್ಸು, ನಾನ್-ಆಕ್ಯುಪೆನ್ಸಿ ಚಾರ್ಜು (ಮಾಲೀಕ ತಾನೇ ವಾಸವಿಲ್ಲದ ಮನೆಗೆ ಸೊಸೈಟಿ ಹಾಕುವ ಶುಲ್ಕ), ಪ್ರಾಪರ್ಟಿ ಟ್ಯಾಕ್ಸು, ಪ್ಲಂಬರು, ಪ್ರತಿಸಲದ ಕರಾರಿನ ಖರ್ಚು, ಎಲ್ಲ ಸೇರಿ 40,000 ಹೋಗುತ್ತದೆ. ಉಳಿಯುವುದು 1,36,000, ತಿಂಗಳಿಗೆ ಸುಮಾರು 11,300. ಹಾಕಿದ 66.6 ಲಕ್ಷಕ್ಕೆ ಇದು ಶೇ. 2ರಷ್ಟೇ. ಬ್ರೋಕರ್ ಹೇಳುವ ಬಾಡಿಗೆಗೂ ನಿಮ್ಮ ಪಾಸ್‌ಬುಕ್ಕಿಗೆ ಬೀಳುವ ಬಾಡಿಗೆಗೂ ಇಷ್ಟು ವ್ಯತ್ಯಾಸ. ಮುಂದೆ ಯಾವ ದಾರಿ ಹಿಡಿದರೂ ಈ 11,300 ಬದಲಾಗುವುದಿಲ್ಲ. ಬದಲಾಗುವುದು ಕಂತು ಮತ್ತು ಒತ್ತೆ.

ಇರುವ ಮನೆಯ ಮೇಲೆ ಸಾಲ

ಇದನ್ನೇ ಲೋನ್ ಅಗೇನ್ಸ್ಟ್ ಪ್ರಾಪರ್ಟಿ ಎನ್ನುವುದು. ಮನೆಯ ಮಾರುಕಟ್ಟೆ ಬೆಲೆಯ ಅರ್ಧದಿಂದ ಶೇ. 65–70ರವರೆಗೆ ಸಾಲದಾತರು ಕೊಡುತ್ತಾರೆ. ಆದರೆ ಅವರ ವ್ಯಾಲ್ಯುಯರ್ ಹಾಕುವ ಬೆಲೆ ನಿಮ್ಮ ಮನಸ್ಸಿನಲ್ಲಿರುವ ಬೆಲೆಗಿಂತ ಕಡಿಮೆಯೇ ಇರುತ್ತದೆ. ಅವಧಿ ಸಾಮಾನ್ಯವಾಗಿ 15 ವರ್ಷ. ಬಡ್ಡಿ ಮಾಮೂಲಿ ಹೋಮ್ ಲೋನಿಗಿಂತ ಒಂದೂವರೆ–ಎರಡು ಶೇಕಡ ಹೆಚ್ಚು.

ನಮ್ಮ ಕುಟುಂಬ 45 ಲಕ್ಷವನ್ನು ಶೇ. 10ಕ್ಕೆ 15 ವರ್ಷಕ್ಕೆ ತೆಗೆದರೆ ಕಂತು ಸುಮಾರು 48,350. ಬಾಡಿಗೆ ಕಳೆದು ಕೈಯಿಂದ ತಿಂಗಳಿಗೆ 37,000 ಹಾಕಬೇಕು. ಮೊದಲ ವರ್ಷದ ಬಡ್ಡಿಯೇ 4.4 ಲಕ್ಷ, ಬಾಡಿಗೆ 1.36 ಲಕ್ಷ. ಅಂದರೆ ವರ್ಷಕ್ಕೆ 3 ಲಕ್ಷ ನಷ್ಟ. ಅದನ್ನು ಸರಿದೂಗಿಸಲು ಹೊಸ ಮನೆಯ ಬೆಲೆ ವರ್ಷಕ್ಕೆ ಶೇ. 5 ಏರಬೇಕು. ಕೈಯಿಂದ ಹಾಕಿದ 21.6 ಲಕ್ಷ ಎಫ್‌ಡಿಯಲ್ಲಿದ್ದರೆ ಶೇ. 6.5ರಂತೆ ಬರಬಹುದಾಗಿದ್ದ 1.4 ಲಕ್ಷವನ್ನೂ ಸೇರಿಸಿ, ಏರಬೇಕಾದದ್ದು ಶೇ. 7ಕ್ಕಿಂತ ಹೆಚ್ಚು. ಇದೂ ನಿಂತಲ್ಲೇ ನಿಲ್ಲುವುದಕ್ಕೆ. ಲಾಭ ಇನ್ನೂ ಶುರುವಾಗಿಲ್ಲ. ಇದು ಬಾಡಿಗೆಯ ಆದಾಯ ಅಲ್ಲ, ಬೆಲೆ ಏರುತ್ತದೆಂಬ ನಂಬಿಕೆಯ ಮೇಲೆ ಹಾಕಿದ ಹಣ. ಗೊತ್ತಿದ್ದು ಹಾಕಿದರೆ ಸರಿ, ಬಾಡಿಗೆ ಬರುತ್ತದೆಂದು ನಂಬಿ ಹಾಕಿದರೆ ಸರಿಯಲ್ಲ.

ಬಡ್ಡಿ ಏರಿದರೆ? ರಿಸರ್ವ್ ಬ್ಯಾಂಕಿನ ರೆಪೋ ದರ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ದರ) 2022ರ ಮೇ ತಿಂಗಳ ಆರಂಭದಲ್ಲಿ ಶೇ. 4 ಇದ್ದದ್ದು 2023ರ ಫೆಬ್ರವರಿಗೆ ಶೇ. 6.5 ಆಗಿತ್ತು. ಒಂದು ವರ್ಷ ತುಂಬುವ ಮೊದಲೇ ಎರಡೂವರೆ ಶೇಕಡ. ಆಮೇಲೆ 2025ರಲ್ಲಿ ಇಳಿಯಿತು, ನಿಜ. ಆದರೆ 15 ವರ್ಷದ ಸಾಲ ತೆಗೆಯುವವರು ಇಂಥ ಏರಿಕೆ ಇನ್ನೊಮ್ಮೆ ಬರುತ್ತದೆಂದೇ ಲೆಕ್ಕ ಹಾಕಬೇಕು. ಮೇಲಿನ 45 ಲಕ್ಷಕ್ಕೆ ದರ ಶೇ. 12.5 ಆದರೆ ಕಂತು 55,400 ದಾಟುತ್ತದೆ. ಬ್ಯಾಂಕು ಕಂತು ಏರಿಸದೆ ಅವಧಿ ಎಳೆದರೆ ನಿಮಗೆ ಗೊತ್ತೂ ಆಗುವುದಿಲ್ಲ, 60ಕ್ಕೆ ಮುಗಿಯಬೇಕಾದ ಸಾಲ 65ಕ್ಕೆ ಹೋಗಿ ನಿಲ್ಲುತ್ತದೆ. ದರ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಆಯ್ದುಕೊಳ್ಳುವ ಅವಕಾಶವನ್ನು 2023ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಸಾಲಗಾರನಿಗೇ ಕೊಟ್ಟಿದೆ. ಆ ಪತ್ರ ಬಂದಾಗ ಉತ್ತರ ಬರೆಯಿರಿ.

ಇನ್ನು ಒತ್ತೆಯ ಮಾತು. ಕಂತು 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ವಸೂಲಿ ನಿಂತ ಸಾಲ. 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು ಕೊಟ್ಟು, ಸಿವಿಲ್ ಕೋರ್ಟಿನ ದಾವೆಯಿಲ್ಲದೆಯೇ ಮನೆಯನ್ನು ವಶಕ್ಕೆ ತೆಗೆದುಕೊಂಡು ಹರಾಜು ಹಾಕುವ ಅಧಿಕಾರ ಸಾಲದಾತನಿಗಿದೆ. ಇಲ್ಲಿ ಒತ್ತೆಯಾಗಿರುವುದು ನೀವು ವಾಸವಿರುವ ಮನೆ. ಬಾಡಿಗೆದಾರ ಇರುವ ಮನೆ ಸುರಕ್ಷಿತ, ಹೆಂಡತಿ ಮಕ್ಕಳಿರುವ ಮನೆ ಅಪಾಯದಲ್ಲಿ. ಈ ತಲೆಕೆಳಗಾದ ಸ್ಥಿತಿಗಾಗಿಯೇ ನಾನು ಈ ದಾರಿಯನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತೇನೆ.

ಹೊಸ ಮನೆಯನ್ನೇ ಒತ್ತೆಯಿಟ್ಟು ಹೋಮ್ ಲೋನು

ಎರಡನೆಯ ಮನೆಗೂ ಹೋಮ್ ಲೋನು ಸಿಗುತ್ತದೆ. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ, ಆದರೂ ಸ್ವಂತ ಮನೆ ಒತ್ತೆಯಿಟ್ಟರೆ ಮಾತ್ರ ದುಡ್ಡು ಹುಟ್ಟುತ್ತದೆಂದು ನಂಬಿದವರನ್ನು ನೋಡಿದ್ದೇನೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ. 90, 30ರಿಂದ 75 ಲಕ್ಷದ ಸಾಲಕ್ಕೆ ಶೇ. 80, ಅದಕ್ಕೂ ಮೇಲೆ ಶೇ. 75 ಮಿತಿ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಇದರಲ್ಲಿ ಸೇರುವುದಿಲ್ಲ, ಅದು ಕೈಯಿಂದಲೇ.

60 ಲಕ್ಷದ ಮನೆಗೆ 48 ಲಕ್ಷದವರೆಗೆ ಸಿಗಬಹುದು. ಅದೇ 45 ಲಕ್ಷ ಹಿಡಿಯೋಣ. ಶೇ. 8ಕ್ಕೆ 15 ವರ್ಷವಾದರೆ ಕಂತು 43,000. ಒತ್ತೆ ಸಾಲಕ್ಕಿಂತ ತಿಂಗಳಿಗೆ 5,350 ಕಡಿಮೆ, 15 ವರ್ಷಕ್ಕೆ ಒಂಬತ್ತೂವರೆ ಲಕ್ಷದ ಮೇಲೆ ಉಳಿತಾಯ. 20 ವರ್ಷಕ್ಕೆ ಹಾಕಿದರೆ ಕಂತು 37,640. ಬಾಡಿಗೆ ಕಳೆದು ಕೈಯಿಂದ 26,000 ಚಿಲ್ಲರೆ. ಫ್ಲೋಟಿಂಗ್ ದರದ ಸಾಲವಾದ್ದರಿಂದ ಬೋನಸ್ ಬಂದಾಗ, ಎಲ್‌ಐಸಿ ಪಾಲಿಸಿ ಮೆಚ್ಯೂರ್ ಆದಾಗ ಅಸಲಿಗೆ ತುಂಬಬಹುದು, ವೈಯಕ್ತಿಕ ಸಾಲಗಾರರಿಗೆ ಇದಕ್ಕೆ ದಂಡವಿಲ್ಲ. ಮುಖ್ಯವಾಗಿ, ಎಲ್ಲವೂ ಕೈಕೊಟ್ಟ ದಿನ ಬಾಡಿಗೆ ಮನೆಯನ್ನು ಮಾರಿ ಸಾಲ ತೀರಿಸಿ ನೀವು ನಿಮ್ಮ ಮನೆಯಲ್ಲೇ ಇರುತ್ತೀರಿ.

ತೊಡಕೆಂದರೆ ಆದಾಯ ಮತ್ತು ವಯಸ್ಸು. ಸಂಬಳದವರಿಗೆ ನಿವೃತ್ತಿಯೊಳಗೆ ಸಾಲ ಮುಗಿಯಬೇಕೆಂದು ಬ್ಯಾಂಕು ನೋಡುತ್ತದೆ. 52ರವರಿಗೆ 20 ವರ್ಷದ ಸಾಲ ಸಿಗುವುದು ಕಷ್ಟ. ದುಡಿಯುವ ಮಗ ಅಥವಾ ಮಗಳು ಜಂಟಿ ಸಾಲಗಾರರಾದರೆ ಅವಧಿ ಸಿಗುತ್ತದೆ. ಹಾಗೆ ಸೇರಿಸಿಕೊಂಡರೆ ಮನೆಯಲ್ಲಿ ಅವರ ಪಾಲನ್ನೂ ಅಗ್ರಿಮೆಂಟಿನಲ್ಲೇ ಬರೆಸಿ. ನಾಳೆ ಮಗಳು ಸ್ವಂತ ಮನೆಗೆ ಸಾಲ ಕೇಳಲು ಹೋದಾಗ ಈ ಕಂತು ಅವಳ ಲೆಕ್ಕಕ್ಕೂ ಬರುತ್ತದೆ ಎಂಬುದನ್ನು ಅವಳಿಗೆ ಮೊದಲೇ ಹೇಳಿ.

ಹೋಟೆಲು, ಕ್ಯಾಂಟೀನು, ಕೇಟರಿಂಗ್ ನಡೆಸುವ ನಮ್ಮವರಿಗೆ ಇಲ್ಲೊಂದು ಗೋಡೆ ಎದುರಾಗುತ್ತದೆ. ದಿನದ ವ್ಯಾಪಾರ ಚೆನ್ನಾಗಿದ್ದರೂ ರಿಟರ್ನ್‌ನಲ್ಲಿ ತೋರಿಸಿದ ಆದಾಯ ಕಡಿಮೆ, ಅದಕ್ಕೆ ತಕ್ಕಂತೆ ಹೋಮ್ ಲೋನೂ ಕಡಿಮೆ. ಆಗ ಆಸ್ತಿ ನೋಡಿ, ಬ್ಯಾಂಕ್ ಖಾತೆಯ ವಹಿವಾಟು ನೋಡಿ ಸಾಲ ಕೊಡುವ ಹಣಕಾಸು ಕಂಪನಿಗಳ ಕಡೆ ತಿರುಗುತ್ತಾರೆ. ದರ ಅಲ್ಲಿ ಇನ್ನೂ ಮೇಲೆ. ಎರಡು ಮೂರು ವರ್ಷ ರಿಟರ್ನ್ ಸರಿಯಾಗಿ ತುಂಬಿ ಆಮೇಲೆ ಹೋಮ್ ಲೋನಿಗೆ ಹೋಗುವುದು ಇದಕ್ಕಿಂತ ಅಗ್ಗ.

ಟಾಪ್‌ಅಪ್, ಮತ್ತು ಎರಡೆರಡು ಸಾಲದ ಆಸೆ

ಹಳೆಯ ಮನೆ ಸಾಲ ಇನ್ನೂ ನಡೆಯುತ್ತಿದ್ದರೆ ಅದರ ಮೇಲೆ ಟಾಪ್‌ಅಪ್, ಅಂದರೆ ಹೆಚ್ಚುವರಿ ಸಾಲ, ಕೊಡುತ್ತಾರೆ. ದರ ಹೋಮ್ ಲೋನಿಗಿಂತ ಸ್ವಲ್ಪವೇ ಹೆಚ್ಚು, ಕಾಗದಪತ್ರ ಕಡಿಮೆ. ಸ್ಟ್ಯಾಂಪ್ ಡ್ಯೂಟಿಗೋ ರಿಪೇರಿಗೋ ಐದಾರು ಲಕ್ಷ ಕಡಿಮೆ ಬಿದ್ದಾಗ ಇದು ಒಳ್ಳೆಯ ಉಪಾಯ.

ಆದರೆ ಹೊಸ ಮನೆಗೆ ಹೋಮ್ ಲೋನು, ಅದರ ಮುಂಗಡಕ್ಕೆ ಹಳೆಯ ಮನೆಯ ಮೇಲೆ ಸಾಲ, ಹೀಗೆ ಕೈಯಿಂದ ಒಂದು ಪೈಸೆ ಹಾಕದೆ ಮನೆ ಕೊಳ್ಳುವ ಲೆಕ್ಕ ಹೇಳಿಕೊಡುವವರಿದ್ದಾರೆ. ಮಾಡಿ ನೋಡಿ: 45 ಲಕ್ಷಕ್ಕೆ 37,640, ಉಳಿದ 21.6 ಲಕ್ಷಕ್ಕೆ ಶೇ. 10ರಂತೆ 15 ವರ್ಷಕ್ಕೆ 23,210. ತಿಂಗಳಿಗೆ 60,000 ದಾಟಿತು. ಬರುವ ಬಾಡಿಗೆ 11,300. ಎರಡು ಮನೆಯೂ ಒತ್ತೆಯಲ್ಲಿ. ದಯವಿಟ್ಟು ಬೇಡ.

ದೊಡ್ಡದನ್ನು ಮಾರಿ ಎರಡು ಚಿಕ್ಕವು

ಐವತ್ತೈದು ದಾಟಿದವರಿಗೆ ನಾನು ಮನಸ್ಸಿಟ್ಟು ಹೇಳುವ ದಾರಿ ಇದು. ಮುಲುಂಡ್, ಮಾಟುಂಗಾ, ಗೋರೆಗಾಂವ್ ಕಡೆ ಹಳೆಯ ಮನೆ ಇದ್ದು ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿದ್ದರೆ, ಅದನ್ನು ಮಾರಿ ಠಾಣೆಯಾಚೆ ಎರಡು ಮನೆ ಕೊಳ್ಳಬಹುದು. ಒಂದರಲ್ಲಿ ವಾಸ, ಇನ್ನೊಂದು ಬಾಡಿಗೆಗೆ. ಸಾಲವೇ ಇಲ್ಲ, ಆದ್ದರಿಂದ ಬಂದ ಬಾಡಿಗೆ ನಿಜಕ್ಕೂ ಆದಾಯ.

ತೆರಿಗೆ ಕಾನೂನೂ ಇದಕ್ಕೆ ಅನುಕೂಲವಾಗಿದೆ. ಮನೆ ಮಾರಿದ ದೀರ್ಘಾವಧಿ ಲಾಭಕ್ಕೆ ಈಗ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ ಇಂಡೆಕ್ಸೇಶನ್ (ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಹಿಡಿಯುವುದು) ಸೇರಿಸಿ ಶೇ. 20ರ ಹಳೆಯ ಲೆಕ್ಕವನ್ನೂ ಮಾಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು. 2001ಕ್ಕಿಂತ ಹಿಂದೆ ಕೊಂಡದ್ದಾದರೆ 2001ರ ಏಪ್ರಿಲ್ 1ರ ಬೆಲೆಯನ್ನೇ ಮೂಲ ಬೆಲೆಯಾಗಿ ಹಿಡಿಯುವ ಅವಕಾಶವಿದೆ. ಆ ಲಾಭವನ್ನು ಮತ್ತೆ ಮನೆಗೆ ಹಾಕಿದರೆ ವಿನಾಯಿತಿ: ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಲಾಭ 2 ಕೋಟಿ ಮೀರದಿದ್ದರೆ ಜೀವನದಲ್ಲಿ ಒಮ್ಮೆ ಮಾತ್ರ ಒಂದರ ಬದಲು ಎರಡು ಮನೆಗೂ ಈ ವಿನಾಯಿತಿ ಸಿಗುತ್ತದೆ. ಆ ಒಂದು ಅವಕಾಶವನ್ನು ಬಳಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಹಣದಲ್ಲಿ ಕಾಣದ ಬೆಲೆ ಒಂದಿದೆ. ಮಾಟುಂಗಾ ಬಿಟ್ಟು ಹೋಗುವುದೆಂದರೆ ಬೆಳಗಿನ ಮಾರುಕಟ್ಟೆ, ದೇವಸ್ಥಾನ, ಮೈಸೂರು ಅಸೋಸಿಯೇಷನ್ನಿನ ಸಂಜೆಗಳು, ಮೂವತ್ತು ವರ್ಷದಿಂದ ನಾಡಿ ನೋಡಿದ ಡಾಕ್ಟರು, ಇವನ್ನೆಲ್ಲ ಬಿಟ್ಟು ಹೋಗುವುದು. ಡೊಂಬಿವಲಿಯಲ್ಲೂ ಕರ್ನಾಟಕ ಸಂಘವಿದೆ, ನಮ್ಮ ಜನ ಬೇಕಾದಷ್ಟಿದ್ದಾರೆ. ಆದರೂ ಎಪ್ಪತ್ತರಲ್ಲಿ ಈ ಹೆಜ್ಜೆ ಭಾರ. ಹೋಗುವುದಾದರೆ ಅರವತ್ತರ ಆಸುಪಾಸಿನಲ್ಲೇ ಹೋಗಬೇಕು.

ನಿಮ್ಮ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಗುವ ಮಾತು ನಡೆದಿದ್ದರೆ ಮಾತ್ರ ಮಾರಲು ಅವಸರ ಮಾಡಬೇಡಿ. ಬಿಲ್ಡರ್ ಕೊಡುವ ಹೆಚ್ಚುವರಿ ಕಾರ್ಪೆಟ್ ಏರಿಯಾ, ಕಾರ್ಪಸ್ ಹಣ ಇದೆಲ್ಲ ಹೊಸ ಮಾಲೀಕನ ಪಾಲಾಗುತ್ತದೆ. ಅದೇ ಕಾರಣಕ್ಕೆ ಅಂಥ ಮನೆಯನ್ನು ಒತ್ತೆಯೂ ಇಡಬೇಡಿ. ಸಾಲವಿರುವ ಸದಸ್ಯ ಮನೆ ಖಾಲಿ ಮಾಡಿಕೊಡಬೇಕಾದರೆ ಬ್ಯಾಂಕಿನ ಎನ್‌ಒಸಿ ಬೇಕು. ಕೆಡವಲಿರುವ ಮನೆಯೇ ತನ್ನ ಒತ್ತೆಯಾದ್ದರಿಂದ ಬ್ಯಾಂಕು ಅದನ್ನು ಸುಲಭಕ್ಕೆ ಕೊಡುವುದಿಲ್ಲ. ಇಡೀ ಸೊಸೈಟಿ ನಿಮ್ಮೊಬ್ಬರ ಕಾಗದಕ್ಕೆ ಕಾಯುವ ಹಾಗೆ ಆಗುತ್ತದೆ.

ಊರಲ್ಲಿ ಕೊಳ್ಳುವುದು

ಉಡುಪಿ, ಮಣಿಪಾಲ, ಮಂಗಳೂರು ಕಡೆಯವರಿಗೆ ಈ ಆಸೆ ಇದ್ದೇ ಇದೆ. ಕಾಲೇಜುಗಳ ಹತ್ತಿರದ ಫ್ಲ್ಯಾಟಿಗೆ ವಿದ್ಯಾರ್ಥಿಗಳು ಬಾಡಿಗೆಗೆ ಬರುತ್ತಾರೆ. ಮುಂದೆ ನೀವೇ ಹೋಗಿ ನೆಲೆಸುವ ಯೋಚನೆ ಗಟ್ಟಿಯಾಗಿದ್ದರೆ ಒಳ್ಳೆಯದೇ. ಬರಿ ಬಾಡಿಗೆಗಾದರೆ ಎರಡು ಸಲ ಯೋಚಿಸಿ: ಕರ್ನಾಟಕದಲ್ಲಿ 45 ಲಕ್ಷ ಮೇಲ್ಪಟ್ಟದ್ದಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಸರ್ಚಾರ್ಜು. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿಸಿದ್ದಾರೆ; ಮಹಾರಾಷ್ಟ್ರದ ಹಾಗೆ 30,000ದ ಮಿತಿ ಅಲ್ಲಿಲ್ಲ. ನಲ್ಲಿ ಸೋರಿದರೆ ನೋಡುವವರು ಯಾರು? ಭಾವನಿಗೋ ತಮ್ಮನಿಗೋ ಕೀಲಿ ಕೊಟ್ಟು, ಬಾಡಿಗೆಯ ಲೆಕ್ಕ ಕೇಳುವಂತೆಯೂ ಇಲ್ಲ, ಕೇಳದಿರುವಂತೆಯೂ ಇಲ್ಲ ಎಂಬ ಸ್ಥಿತಿಗೆ ಬಂದ ಸಂಬಂಧಗಳು ಸಾಕಷ್ಟಿವೆ. ಬಾಯಿಮಾತಿಗೆ ಬಿಡದೆ ಬರೆದಿಟ್ಟುಕೊಳ್ಳಿ.

ಮನೆಯ ರಗಳೆಯೇ ಬೇಡ, ಬಾಡಿಗೆಯ ಆದಾಯ ಮಾತ್ರ ಬೇಕು ಎನ್ನುವವರಿಗೆ ಷೇರುಪೇಟೆಯಲ್ಲಿ ರೀಟ್‌ಗಳಿವೆ, ಅಂದರೆ ಹಲವರ ಹಣ ಸೇರಿಸಿ ಕಟ್ಟಡಗಳಲ್ಲಿ ಹಾಕಿ ಬಾಡಿಗೆ ಹಂಚುವ ಟ್ರಸ್ಟುಗಳು. 2019ರಲ್ಲಿ ಎಂಬೆಸಿಯದು ಮೊದಲು ಬಂತು, ಆಮೇಲೆ ಇನ್ನೂ ಕೆಲವು. ಕಚೇರಿ, ಮಾಲ್‌ಗಳ ಬಾಡಿಗೆಯಿಂದ ಹಂಚಲು ಸಿಗುವ ಹಣದಲ್ಲಿ ಶೇ. 90 ಹಂಚಲೇಬೇಕೆಂಬ ನಿಯಮವಿದೆ. ಕೈಯಲ್ಲಿರುವ 20 ಲಕ್ಷವನ್ನು ಸ್ಟ್ಯಾಂಪ್ ಡ್ಯೂಟಿಯಿಲ್ಲದೆ ಹಾಕಬಹುದು, ಬೇಕೆಂದಾಗ ಸ್ವಲ್ಪ ಸ್ವಲ್ಪ ಮಾರಬಹುದು. ಬೆಲೆ ದಿನವೂ ಏರಿಳಿಯುತ್ತದೆ. ಮನೆ ಒತ್ತೆಯಿಟ್ಟು ಇದಕ್ಕೆ ಹಾಕುವ ಮಾತಂತೂ ಬೇಡವೇ ಬೇಡ.

ತೆರಿಗೆ ಉಳಿಯುತ್ತದೆ ಎಂಬ ಮಾತು

ಮನೆಯ ಮೇಲೆ ತೆಗೆದ ಸಾಲಕ್ಕೆ ತೆರಿಗೆ ವಿನಾಯಿತಿ ಇಲ್ಲ ಎಂದು ಕೆಲವರು ಹೇಳುತ್ತಾರೆ. ಬಡ್ಡಿಯ ಮಟ್ಟಿಗೆ ಅದು ಸರಿಯಲ್ಲ. ಸಾಲದ ಹೆಸರಲ್ಲ, ಹಣ ಎಲ್ಲಿ ಹೋಯಿತೆಂಬುದು ಮುಖ್ಯ. ಆ ಹಣದಿಂದಲೇ ಬಾಡಿಗೆ ಮನೆ ಕೊಂಡದ್ದೆಂದು ತೋರಿಸಬಲ್ಲಿರಾದರೆ ಬಾಡಿಗೆ ಆದಾಯದಿಂದ ಬಡ್ಡಿ ಕಳೆಯಬಹುದು. ಹಾಗಾಗಿ ಸಾಲದ ಹಣ ಬೇರೆ ಖಾತೆಗೆ ಹೋಗಿ, ಮಗಳ ಮದುವೆ ಖರ್ಚಿನ ಜೊತೆ ಬೆರೆತು ಆಮೇಲೆ ಬಿಲ್ಡರ್‌ಗೆ ಹೋಗುವ ಹಾಗೆ ಮಾಡಬೇಡಿ; ನೇರ ಮಾರುವವರ ಖಾತೆಗೆ ಹೋಗಲಿ.

ಬಾಡಿಗೆಯಿಂದ ಪಾಲಿಕೆಗೆ ಕಟ್ಟಿದ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30 ರಿಪೇರಿ ಇತ್ಯಾದಿಗೆಂದು ಲೆಕ್ಕ ಕೇಳದೆ ಬಿಡುತ್ತಾರೆ. ಅದರ ಮೇಲೆ ಬಡ್ಡಿ ಕಳೆದರೆ ನಮ್ಮ ಉದಾಹರಣೆಯಲ್ಲಿ 3 ಲಕ್ಷ ಚಿಲ್ಲರೆ ನಷ್ಟ ಬರುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇದರಲ್ಲಿ 2 ಲಕ್ಷವನ್ನು ಸಂಬಳದ ಎದುರು ಕಳೆದು, ಉಳಿದದ್ದನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು. ಹೊಸ ಪದ್ಧತಿಯಲ್ಲಿ ಸಂಬಳದ ಎದುರು ಒಂದು ರೂಪಾಯಿಯೂ ಕಳೆಯುವಂತಿಲ್ಲ. ಈಗ ಹೆಚ್ಚಿನವರು ಹೊಸ ಪದ್ಧತಿಯಲ್ಲೇ ಇರುವುದರಿಂದ, ತೆರಿಗೆ ಉಳಿತಾಯಕ್ಕೆಂದು ಎರಡನೆಯ ಮನೆ ಎಂಬ ಹಳೆಯ ಉಪದೇಶಕ್ಕೆ ಅರ್ಥ ಉಳಿದಿಲ್ಲ.

ಕಡತ ಬಿಚ್ಚಿದಾಗ

ಯಾವ ದಾರಿಯಾದರೂ ಕೊನೆಗೆ ಕೂರುವುದು ಬ್ಯಾಂಕಿನ ವಕೀಲರ ಮೇಜಿನ ಮೇಲೆ. ಇತ್ತೀಚೆಗೆ ಪರಿಚಯದ ಹಿರಿಯರೊಬ್ಬರ ಕಡತ ನೋಡಲು ಕೂತಿದ್ದೆ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಮಡಿಕೆಯಲ್ಲಿ ಹರಿದ ಅಗ್ರಿಮೆಂಟು. ಬಿಲ್ಡರ್‌ನಿಂದ ಮೊದಲ ಮಾಲೀಕ ಕೊಂಡ ಕಾಗದ ಹತ್ತು ರೂಪಾಯಿ ಸ್ಟ್ಯಾಂಪ್ ಪೇಪರಿನ ಮೇಲೆ, ನೋಂದಣಿಯೇ ಇಲ್ಲ. ಶೇರ್ ಸರ್ಟಿಫಿಕೇಟಿನ ಹಿಂಬದಿಯಲ್ಲಿ ವರ್ಗಾವಣೆ ಬರೆದದ್ದು ತೀರಿಹೋದ ಅಣ್ಣನ ಹೆಸರಿಗೆ. ‘ಮಾವ, ಇದರಲ್ಲಿ ನಿಮ್ಮ ಹೆಸರೆಲ್ಲಿ?’ ಎಂದರೆ, ‘ನಾಮಿನೇಶನ್ ನನ್ನದೇ ಅಲ್ವಾ ಮಾರಾಯಾ’ ಎಂದರು. ನಾಮಿನಿ ಎಂದರೆ ಮಾಲೀಕ ಅಲ್ಲ, ವಾರಸುದಾರರಿಗಾಗಿ ಹಿಡಿದಿಟ್ಟುಕೊಂಡವನಷ್ಟೆ. ಊರಿನಲ್ಲಿರುವ ವಾರಸುದಾರರೆಲ್ಲ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕದೆ ಆ ಮನೆಯ ಮೇಲೆ ಸಾಲ ಹುಟ್ಟುವುದಿಲ್ಲ.

ಮಹಾರಾಷ್ಟ್ರದಲ್ಲಿ ಫ್ಲ್ಯಾಟಿನ ಅಗ್ರಿಮೆಂಟಿಗೇ ಪೂರ್ತಿ ಸ್ಟ್ಯಾಂಪ್ ಡ್ಯೂಟಿ ಬಂದದ್ದು 1985ರ ಡಿಸೆಂಬರ್ 10ರಿಂದ. ಅದರ ನಂತರದ ಕಾಗದದಲ್ಲಿ ಕಡಿಮೆ ಸ್ಟ್ಯಾಂಪು ಇದ್ದರೆ ದಂಡಸಮೇತ ತುಂಬಿಸುತ್ತಾರೆ. ಸರಕಾರ 2023ರ ಕೊನೆಯಲ್ಲಿ ಅಭಯ ಯೋಜನೆ ತಂದು ದಂಡದಲ್ಲಿ ರಿಯಾಯಿತಿ ಕೊಟ್ಟಿತ್ತು. ಆಗ ಸರಿಪಡಿಸಿಕೊಂಡವರು ಜಾಣರು. ಗಿರ್‌ಗಾಂವ್, ಫೋರ್ಟ್ ಕಡೆಯ ಪಗಡಿ ಮನೆಯವರಿಗೆ (ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು ಹಿಡಿದ ಹಳೆಯ ಬಾಡಿಗೆ ಹಕ್ಕಿನ ಮನೆ) ಒತ್ತೆ ಸಾಲದ ದಾರಿಯೇ ಇಲ್ಲ, ಅಲ್ಲಿ ಮಾಲೀಕತ್ವ ನಿಮ್ಮದಲ್ಲ.

ಕೊಳ್ಳುವ ಮನೆಯ ಕಾಗದವನ್ನು ಇನ್ನೂ ಬಿಗಿಯಾಗಿ ನೋಡಬೇಕು. ಡೊಂಬಿವಲಿ ಪರಿಸರದಲ್ಲಿ ನಕಲಿ ಪರವಾನಗಿ ಕಾಗದ ತೋರಿಸಿ ಮಹಾರೇರಾ (ರಾಜ್ಯದ ಕಟ್ಟಡ ವ್ಯವಹಾರ ನಿಯಂತ್ರಣ ಪ್ರಾಧಿಕಾರ) ನೋಂದಣಿ ಪಡೆದಿದ್ದ 65 ಕಟ್ಟಡಗಳನ್ನು ಕೆಡವಲು ಬಾಂಬೆ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಆದೇಶಿಸಿತು. ಅಲ್ಲಿ ಮನೆ ಕೊಂಡವರಲ್ಲಿ ಬ್ಯಾಂಕ್ ಸಾಲ ಪಡೆದವರೂ ಇದ್ದರು. ಬ್ಯಾಂಕು ಸಾಲ ಕೊಟ್ಟಿತೆಂದರೆ ಕಾಗದ ಸರಿಯಿದೆ ಎಂದು ಭಾವಿಸಬೇಡಿ. ಪಾಲಿಕೆಯ ಕಟ್ಟಡ ಪರವಾನಗಿಯನ್ನೂ ಓಸಿಯನ್ನೂ (ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಪಾಲಿಕೆಯಲ್ಲೇ ವಿಚಾರಿಸಿ. ಹೊಸ ಕಟ್ಟಡಕ್ಕೆ ಓಸಿ ಬಂದ ಮೇಲೆ ಕೊಂಡರೆ ಜಿಎಸ್‌ಟಿಯೂ ಇಲ್ಲ. ಕಟ್ಟುತ್ತಿರುವಾಗ ಕೊಂಡರೆ ಶೇ. 5, 45 ಲಕ್ಷದೊಳಗಿನ ಚಿಕ್ಕ ಮನೆಗೆ ಶೇ. 1. ಬಾಡಿಗೆಗೆಂದು ಕೊಳ್ಳುವವರು ಕಟ್ಟುತ್ತಿರುವ ಮನೆಗೆ ಹೋಗಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ: ಬಡ್ಡಿ ಇಂದಿನಿಂದ, ಬಾಡಿಗೆ ಮೂರು ವರ್ಷದ ನಂತರ.

ಎಲ್ಲಿ ಕೊಳ್ಳಬೇಕೆಂಬುದಕ್ಕೆ ಒಂದೇ ಮಾತು. ಮೋಠಾಗಾಂವ್–ಮಾಣಕೋಲಿ ಸೇತುವೆ ಆಯಿತು, ನವಿ ಮುಂಬಯಿ ವಿಮಾನ ನಿಲ್ದಾಣ 2025ರ ಡಿಸೆಂಬರ್‌ನಲ್ಲಿ ತೆರೆಯಿತು, ಮೆಟ್ರೋ ಕೆಲಸ ನಡೆದಿದೆ. ಬ್ರೋಕರ್‌ಗಳು ಇದನ್ನೆಲ್ಲ ಬೆಲೆಗೆ ಆಗಲೇ ಸೇರಿಸಿದ್ದಾರೆ. ಬಾಡಿಗೆದಾರ ನೋಡುವುದು ಮಾತ್ರ ಸ್ಟೇಷನ್ನಿಗೆ ನಡೆದು ಹೋಗಬಹುದೇ ಎಂದು. ದೂರದ ಟೌನ್‌ಶಿಪ್ಪಿನ ಈಜುಕೊಳದ ಮನೆಗಿಂತ ಸ್ಟೇಷನ್ನಿನಿಂದ ಹತ್ತು ನಿಮಿಷದ ಹಳೆಯ ಸೊಸೈಟಿಯ ಮನೆ ಖಾಲಿ ಬೀಳುವುದು ಕಡಿಮೆ.

ಸಾಲಕ್ಕೆ ಸಹಿ ಹಾಕುವ ಮೊದಲು

ಇಷ್ಟೆಲ್ಲ ಆದ ಮೇಲೂ ಇರುವ ಮನೆಯನ್ನೇ ಒತ್ತೆಯಿಡಬೇಕಾದ ಪರಿಸ್ಥಿತಿ ಕೆಲವರಿಗೆ ಬರುತ್ತದೆ. ಹಾಗಿದ್ದರೆ ಮನೆ ಬೆಲೆಯ ಕಾಲು ಭಾಗ ಮೀರಬೇಡಿ. ಒಂದು ವರ್ಷದ ಕಂತು, ಬಾಡಿಗೆ ಬರದಿದ್ದರೂ ಕಟ್ಟುವಷ್ಟು, ಎಫ್‌ಡಿಯಲ್ಲಿ ಇರಲಿ. ದುಡಿಯುವವರ ಹೆಸರಿಗೆ ಸಾಲದಷ್ಟೇ ಮೊತ್ತದ ಟರ್ಮ್ ವಿಮೆ ಬೇರೆಯಾಗಿ ಮಾಡಿಸಿ. ಸಾಲದ ಜೊತೆ ಬ್ಯಾಂಕಿನವರು ಅಂಟಿಸಿ ಕೊಡುವ, ಪ್ರೀಮಿಯಮ್ಮನ್ನೂ ಸಾಲಕ್ಕೆ ಸೇರಿಸಿ ಅದಕ್ಕೂ ಬಡ್ಡಿ ಹಾಕುವ ವಿಮೆ ಕಡ್ಡಾಯವಲ್ಲ. ಪ್ರೊಸೆಸಿಂಗ್ ಶುಲ್ಕ ಮತ್ತು ಅದರ ಮೇಲಿನ ಶೇ. 18 ಜಿಎಸ್‌ಟಿಯನ್ನು ಮೊದಲೇ ಕೇಳಿ. ಹೆಂಡತಿಯ ಸಹಿ ಬೇಕಾಗುವ ಎಲ್ಲ ಕಾಗದವನ್ನೂ ಅವರೇ ಓದಲಿ. ಒತ್ತೆಗೆ ಹೋಗುತ್ತಿರುವುದು ಅವರ ಮನೆಯೂ ಹೌದು.

ಬಾಡಿಗೆಗೆ ಕೊಡುವಾಗ ಲೀವ್ ಆ್ಯಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸುವ ಹೊಣೆ ಕಾನೂನಿನಲ್ಲಿ ಮಾಲೀಕನದೇ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ನಿನಂತೆ. ನೋಂದಾಯಿಸದಿದ್ದರೆ ಶಿಕ್ಷೆಯೂ ಇದೆ. ಈಗ ಕಚೇರಿಗೆ ಅಲೆಯಬೇಕಿಲ್ಲ; ಏಜೆಂಟ್ ಲ್ಯಾಪ್‌ಟಾಪು, ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಊಟದ ಮೇಜಿನ ಮೇಲೆ ಹೆಬ್ಬೆರಳು ಒತ್ತಿಸಿ ಫೋಟೋ ತೆಗೆದು ಹೋಗುತ್ತಾನೆ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ ಶೇ. 0.25, ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10 ಬಡ್ಡಿ ಹಿಡಿದು ಅದನ್ನೂ ಸೇರಿಸುತ್ತಾರೆ. ಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ 1,000. ಅವಧಿ ಮುಗಿದ ಮೇಲೂ ಬಾಡಿಗೆದಾರ ಕೂತರೆ ಈ ನೋಂದಾಯಿತ ಕರಾರಿನ ಬಲದಿಂದಲೇ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ದುಪ್ಪಟ್ಟು ಬಾಡಿಗೆಯನ್ನೂ ಕೇಳಬಹುದು. ಪೊಲೀಸರಿಗೆ ಬಾಡಿಗೆದಾರನ ಮಾಹಿತಿ ಕೊಟ್ಟ ಪ್ರತಿಯನ್ನು ಸೊಸೈಟಿಗೂ ಕೊಡಿ. ನಾನ್-ಆಕ್ಯುಪೆನ್ಸಿ ಚಾರ್ಜು ಎಂದು ಸೊಸೈಟಿ ಮನಸ್ಸಿಗೆ ಬಂದಷ್ಟು ಹಾಕುವಂತಿಲ್ಲ. ಪಾಲಿಕೆ ತೆರಿಗೆ ಬಿಟ್ಟು ಸರ್ವಿಸ್ ಚಾರ್ಜಿನ ಶೇ. 10ರ ಮಿತಿಯನ್ನು ರಾಜ್ಯ ಸರಕಾರ 2001ರಲ್ಲೇ ಗೊತ್ತುಮಾಡಿದೆ. ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಕಂಡರೆ ಆ ಆದೇಶದ ಪ್ರತಿ ಲಗತ್ತಿಸಿ ಸೆಕ್ರೆಟರಿಗೆ ಪತ್ರ ಬರೆದು, ಕೊಟ್ಟದ್ದಕ್ಕೆ ಸಹಿ ಪಡೆದುಕೊಳ್ಳಿ.